ಮಳೆ ಒಯ್ಯುವುದು, ಬೆಟ್ಟ ಕೊಡುವುದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡುಗೆಮನೆಗಳಿಗೆ ಬರುವ ಈರುಳ್ಳಿಯಲ್ಲಿ ಊರಿನ ಬೆಳೆ ಕಡಿಮೆ. ಹೆಚ್ಚಿನದು ಹುಬ್ಬಳ್ಳಿ ಕಡೆಯಿಂದ ಬರುತ್ತದೆ. ಬೇಸಿಗೆಯಲ್ಲಿ ಕುಮಟಾದ ಅಳ್ವೇಕೋಡಿ, ಹಂದಿಗೋಣ ಕಡೆಯ ಸಿಹಿ ಈರುಳ್ಳಿ ಜಡೆ ಹೆಣೆದ ಗೊಂಚಲುಗಳಾಗಿ ಘಟ್ಟ ಹತ್ತುತ್ತದೆ. ಅದೇ ಮೂರು ತಾಲ್ಲೂಕುಗಳ ಅಡಿಕೆಗೆ ಮಾತ್ರ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಒಂದು ಬೆಳೆಗೆ ಒಗ್ಗದ ಮಳೆನಾಡು ಇನ್ನೊಂದಕ್ಕೆ ತವರಾದದ್ದು ಹೇಗೆ?

ಎರಡಕ್ಕೂ ಬೇಕಾದ ಮೂಲಧಾತುಗಳು ಅವೇ. ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ-ನೀರಿನಿಂದ ದಕ್ಕುತ್ತವೆ. ಸಾರಜನಕ, ರಂಜಕ, ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಮಣ್ಣಿನಿಂದ ಹೆಚ್ಚು ಪ್ರಮಾಣದಲ್ಲಿ ಬರಬೇಕು. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್, ನಿಕ್ಕಲ್ ಲೇಶಮಾತ್ರ ಸಾಕು. ಒಟ್ಟು 17. ಯಾವುದಿಲ್ಲದೆ ಗಿಡ ತನ್ನ ಬದುಕಿನ ಸುತ್ತು ಮುಗಿಸಲಾರದೋ, ಯಾವುದರ ಕೆಲಸವನ್ನು ಬೇರೊಂದು ಮಾಡಲಾರದೋ, ಅದೇ ಅವಶ್ಯಕ ಧಾತು ಎಂಬ ಒರೆಗಲ್ಲನ್ನು 1939ರಲ್ಲಿ ಆರ್ನಾನ್ ಮತ್ತು ಸ್ಟೌಟ್ ಎಂಬ ವಿಜ್ಞಾನಿಗಳು ಮುಂದಿಟ್ಟರು.

ಈರುಳ್ಳಿಯ ಘಾಟಿನ ಹಿಂದಿರುವುದು ಗಂಧಕ. ಹೆಚ್ಚುವಾಗ ಕೋಶಗಳು ಒಡೆದು, ಬೇರೆಬೇರೆಯಾಗಿದ್ದ ಗಂಧಕದ ಸಂಯುಕ್ತಗಳೂ ಕಿಣ್ವಗಳೂ ಒಂದಾಗುತ್ತವೆ; ಆಗ ಏಳುವ ಆವಿ ಕಣ್ಣಲ್ಲಿ ನೀರು ತರಿಸುತ್ತದೆ. ಮಣ್ಣಿನಲ್ಲಿ ಗಂಧಕ ಕಡಿಮೆಯಾದರೆ ಖಾರವೂ ಇಳಿಯುತ್ತದೆ. ಅಮೆರಿಕದ ಜಾರ್ಜಿಯಾದ ವಿಡೇಲಿಯಾ ಈರುಳ್ಳಿ ಸಿಹಿಯಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಈರುಳ್ಳಿಯ ಬೇರು ಮೇಲುಮೇಲಿನದು. ಮಡಿಯಲ್ಲಿ ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿ ಸಿಗದು. ಎಲೆಯ ಮೇಲೆ ತೇವ ಉಳಿದರೆ ನೇರಳೆ ಮಚ್ಚೆ ರೋಗ ಹಬ್ಬುತ್ತದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಕತ್ತು ಒಣಗದೆ ಗಡ್ಡೆ ಕೊಳೆಯುತ್ತದೆ. ಒಣಸೀಮೆಯ ಚಳ್ಳಕೆರೆಯಲ್ಲೇ ಒಂದು ವಾರದ ಜಡಿಮಳೆ ಮುಂಗಾರಿನ ಈರುಳ್ಳಿಯನ್ನು ಕೆಡಿಸಬಲ್ಲದು. ಕುಮಟಾದವರು ಭತ್ತದ ಕೊಯ್ಲಾದ ಮೇಲೆ, ಮಳೆ ಹಿಂದೆ ಸರಿದ ಗದ್ದೆಯಲ್ಲೇ ಇದನ್ನು ನೆಡುವುದು ಅದಕ್ಕಾಗಿ.

ಘಟ್ಟದ ಮೇಲಿನ ಶಿರಸಿಯಲ್ಲಿ ವರ್ಷಕ್ಕೆ ಬೀಳುವ ಮಳೆ 2,500 ಮಿಲಿಮೀಟರ್ ಆಸುಪಾಸು; ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಇಳಿಯುವ ನೀರಿನೊಂದಿಗೆ ನೈಟ್ರೇಟ್ ಬೇಗ ಬಸಿದುಹೋಗುತ್ತದೆ, ಗಂಧಕವನ್ನು ಹೊತ್ತ ಸಲ್ಫೇಟೂ ಉಳಿಯುವುದು ಕಷ್ಟ. ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಜೇಡಿಕಣಗಳು ಹಿಡಿದಿಡಬೇಕು. ಆದರೆ ಯುಗಯುಗಗಳಿಂದ ಮಳೆಗೆ ಸವೆದ ಇಲ್ಲಿನ ಕೆಂಪುಮಣ್ಣಿನ ಜೇಡಿಗೆ ಆ ಹಿಡಿತ ಕಡಿಮೆ. ಅವು ಹೋದ ಜಾಗಕ್ಕೆ ಜಲಜನಕ, ಅಲ್ಯೂಮಿನಿಯಂ ಸೇರಿ ಮಣ್ಣು ಹುಳಿಯಾಗುತ್ತದೆ. ನೀರಿಗೆ ಕರಗದೆ ಹಿಂದುಳಿದ ಕಬ್ಬಿಣವೇ ಜಂಬಿಟ್ಟಿಗೆಯ ಕೆಂಪು. ಆ ಕಬ್ಬಿಣ ರಂಜಕವನ್ನೂ ಕಟ್ಟಿಹಾಕಿ ಬೇರಿಗೆ ಸಿಗದಂತೆ ಮಾಡುತ್ತದೆ.

ಅಡಿಕೆ ತೋಟದಲ್ಲಿ ಈ ಕೊರತೆ ಕಣ್ಣಿಗೇ ಕಾಣುತ್ತದೆ. ಮೆಗ್ನೀಸಿಯಂ ಸಾಲದಾದಾಗ ಮರ ಹಳೆಯ ಸೋಗೆಯಿಂದ ಅದನ್ನು ಹೀರಿ ಎಳೆಯ ಸೋಗೆಗೆ ಕಳಿಸುತ್ತದೆ. ಆದ್ದರಿಂದ ಹಳದಿ ಮೊದಲು ಕೆಳಗಿನ ಸೋಗೆಯಲ್ಲಿ. ಬೋರಾನ್ ಹಾಗೆ ಸುಲಭವಾಗಿ ಸಾಗದು. ಅದರ ಕೊರತೆಗೆ ಸುಳಿಯ ಎಲೆಯೇ ಮುದುಡುತ್ತದೆ.

ಮಳೆ ಒಯ್ದದ್ದನ್ನು ಮರಳಿ ತುಂಬಲು ಇಲ್ಲಿನ ಬೆಳೆಗಾರರು ಕಂಡುಕೊಂಡ ದಾರಿ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಕಾಡುಮರದ ಬೇರು ಆಳದಿಂದ ಎತ್ತಿದ ಧಾತುಗಳು ಎಲೆ ಸೇರುತ್ತವೆ. ಹಸಿಸೊಪ್ಪು, ಒಣಗಿ ಬಿದ್ದ ದರಕು ಕೊಟ್ಟಿಗೆಗೆ ಹಾಸಿಗೆಯಾಗಿ, ಸಗಣಿ-ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕಳಿತು ಅಡಿಕೆಯ ಬುಡಕ್ಕೆ ಬರುತ್ತವೆ. ಕಳಿತ ಗೊಬ್ಬರ ಧಾತುಗಳನ್ನು ಕೊಡುವುದಷ್ಟೇ ಅಲ್ಲ, ಜೇಡಿ ಹಿಡಿಯಲಾರದ್ದನ್ನು ತಾನು ಹಿಡಿದಿಡುತ್ತದೆ. ಅಡಿಕೆ ಮರಗಳಿರುವ ಏರುಮಡಿಯಾದ ಬರಣದ ಮೇಲಿನ ಸೊಪ್ಪಿನ ಹೊದಿಕೆ ಮಳೆಹನಿಯ ಪೆಟ್ಟು ತಡೆಯುತ್ತದೆ, ಬರಣಗಳ ನಡುವಿನ ಬಸಿಗಾಲುವೆಯಾದ ಕಾದಿಗೆ ಹೆಚ್ಚಿನ ನೀರನ್ನು ಹೊರಗೆ ಸಾಗಿಸುತ್ತದೆ.

ಮಳೆಗಾಲದ ಇನ್ನೊಂದು ಧಾತು ತಾಮ್ರ. ಗಿಡಕ್ಕೆ ಅದು ಬೇಕಿರುವುದು ಲೇಶದಷ್ಟು. ಪ್ರಮಾಣ ಹೆಚ್ಚಿದರೆ ಅದೇ ವಿಷ. ಆ ವಿಷಗುಣವೇ ಅಡಿಕೆಕಾಯಿಯ ಕೊಳೆರೋಗಕ್ಕೆ ಮದ್ದು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ವಿವರ ಪ್ರಕಟಿಸಿದರು. ರೋಗಾಣುವಿನ ಬೀಜಕಣಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿ ಹರಡುತ್ತವೆ. 100 ಲೀಟರ್ ನೀರಿಗೆ ತಾಮ್ರವಿರುವ ಮೈಲುತುತ್ತ ಒಂದು ಕಿಲೋ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮರ ಹತ್ತುವ ಕೊನೆಗೌಡರು ಮಳೆಗೆ ಮುಂಚೆಯೇ ಸಿಂಪಡಿಸುವುದು ಅದಕ್ಕೇ. ಆದರೆ ತಾಮ್ರ ಪೊಟ್ಯಾಶಿಯಂನಂತೆ ಬಸಿದುಹೋಗುವುದಿಲ್ಲ. ವರ್ಷ ವರ್ಷ ಬಿದ್ದದ್ದು ಮೇಲ್ಮಣ್ಣಿನಲ್ಲೇ ಶೇಖರವಾಗುತ್ತದೆ.

ದನಗಳು ಕಡಿಮೆಯಾಗಿ, ಬೆಟ್ಟ ಬೋಳಾದ ಕಡೆ ಈಗ ಚೀಲದ ಗೊಬ್ಬರಕ್ಕೆ ಭಾರ ಬಿದ್ದಿದೆ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಅದರ ಜೊತೆಗೇ 12 ಕಿಲೋ ಹಸಿರೆಲೆ, ಅಷ್ಟೇ ಕಾಂಪೋಸ್ಟ್ ಇರಬೇಕು. ಅನೇಕರು ಮರೆಯುವುದು ಈ ಎರಡನೆಯ ಭಾಗವನ್ನು. ರಾಸಾಯನಿಕ ಗೊಬ್ಬರವನ್ನು ಮುಂಗಾರಿಗೆ ಮೊದಲೊಮ್ಮೆ, ಮಳೆ ಇಳಿದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹಂಚಿ ಕೊಟ್ಟರೆ ಹೆಚ್ಚು ಪಾಲು ಬೇರಿಗೆ ದಕ್ಕುತ್ತದೆ. ಜುಲೈನ ಜಡಿಮಳೆಯಲ್ಲಿ ಎರಚಿದ್ದರಲ್ಲಿ ಬಹಳಷ್ಟು ಕಾದಿಗೆಯ ಪಾಲಾಗುತ್ತದೆ.