ಚಳಿ ಹತ್ತಿದರೆ ಕೂಗುವ ಕೈಪಟ್ಟಿ

ತೂಕ ಕಡಿಮೆಯಿದ್ದ ಕೂಸು ದಾವಣಗೆರೆಯ ಆಸ್ಪತ್ರೆಯಿಂದ ಬಿಡುಗಡೆಯಾಗಿ ಜಗಳೂರಿನ ಹಟ್ಟಿಗೋ ಚನ್ನಗಿರಿಯ ತೋಟದ ಮನೆಗೋ ಬರುತ್ತದೆ. ಆಮೇಲೆ ಅದರ ಮೈಬಿಸಿ ನೋಡುವವರು ಯಾರು? ಹೆರಿಗೆ ಆಸ್ಪತ್ರೆಯಲ್ಲಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು, ಥರ್ಮಾಮೀಟರ್ ಇಟ್ಟು, ತೂಕ ಹಾಕಿ ಹೋಗಬೇಕೆಂಬ ಏರ್ಪಾಡಿದೆ. ನಡುವಿನ ರಾತ್ರಿಗಳಿಗೆ ನಿದ್ದೆಗೆಟ್ಟ ಬಾಣಂತಿಯೇ ಗತಿ.

ಬೆಂಗಳೂರಿನಲ್ಲಿ ರತುಲ್ ನರೈನ್ ಕಟ್ಟಿದ ಬೆಂಪು ಹೆಲ್ತ್ ಕಂಪನಿ ಆ ರಾತ್ರಿಗಳಿಗೆಂದೇ ಒಂದು ಕೈಪಟ್ಟಿ ರೂಪಿಸಿತು. ಕೂಸಿನ ಮುಂಗೈಗೆ ಕಟ್ಟಿದರೆ ಅದು ಚರ್ಮದ ಬಿಸಿಯನ್ನು ಅಳೆಯುತ್ತಿರುತ್ತದೆ. ಎಲ್ಲ ಸರಿಯಿದ್ದರೆ ನೀಲಿ ದೀಪ ಮಿನುಗುತ್ತದೆ. ಮೈ ತಣ್ಣಗಾದರೆ ಕಿತ್ತಳೆ ದೀಪ ಹತ್ತಿ ಬೀಪ್ ಎಂದು ಕೂಗುತ್ತದೆ. ಅಂಕಿ ಓದುವ ಗೋಜಿಲ್ಲ, ಮೊಬೈಲ್ ಬೇಡ, ಚಾರ್ಜ್ ಮಾಡುವುದೂ ಇಲ್ಲ. ಸುಮಾರು ನಾಲ್ಕು ವಾರ ನಡೆಯುತ್ತದೆ, ಅಂದರೆ ನವಜಾತ ಶಿಶು ಎನಿಸಿಕೊಳ್ಳುವಷ್ಟು ಕಾಲ. 2017ರಲ್ಲಿ ‘ಟೈಮ್’ ಪತ್ರಿಕೆ ಇದನ್ನು ಆ ವರ್ಷದ ಅತ್ಯುತ್ತಮ ಆವಿಷ್ಕಾರಗಳ ಸಾಲಿಗೆ ಸೇರಿಸಿತು. ಆಗಿನ ಬೆಲೆ 28 ಡಾಲರ್. ಒಂದೇ ಕೂಸಿಗೆ ಬಳಸಿ ಎಸೆಯುವ ವಸ್ತುವಿಗೆ ಕೂಲಿ ಮನೆಯವರು ಅಷ್ಟು ಕೊಡಲಾರರು. ಇಂಥದ್ದನ್ನು ಸರ್ಕಾರವೇ ಕೊಂಡು ಕಟ್ಟಬೇಕು.

ಬಿಸಿಲುಸೀಮೆ ಜಗಳೂರಲ್ಲಿ ಎಂಥ ಚಳಿ ಎನ್ನಬಹುದು. ಆದರೆ 37 ಡಿಗ್ರಿಯ ಗರ್ಭದಿಂದ ಹೊರಬಂದ ಕೂಸಿಗೆ ನಮಗೆ ಹಿತವೆನಿಸುವ ಕೋಣೆಯೂ ತಂಪೇ. ಒದ್ದೆ ಬಟ್ಟೆಯಿದ್ದರಂತೂ ಕೇಳುವುದೇ ಬೇಡ. ಅದಕ್ಕೆ ನಡುಗಿ ಬಿಸಿಯಾಗಲು ಬಾರದು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಬಿಸಿ ಹುಟ್ಟಿಸುವ ಕೊಬ್ಬೂ ಕಡಿಮೆ. ಕುಡಿದ ಹಾಲೆಲ್ಲ ಮೈ ಕಾಯಿಸುವುದಕ್ಕೇ ಖರ್ಚಾಗಿ ತೂಕ ಏರುವುದಿಲ್ಲ, ರಕ್ತದ ಸಕ್ಕರೆ ಇಳಿಯುತ್ತದೆ, ಕೆಲವೊಮ್ಮೆ ಉಸಿರೇ ತಡೆದು ನಿಲ್ಲುತ್ತದೆ. ಮೈಬಿಸಿ 36.5 ಡಿಗ್ರಿಗಿಂತ ಇಳಿದರೇ ಎಚ್ಚರವಾಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಪಟ್ಟಿ ಕೂಗುತ್ತದೆ ಅಷ್ಟೇ, ಬೆಚ್ಚಗೆ ಮಾಡುವುದಿಲ್ಲ. ಬೆಚ್ಚಗೆ ಮಾಡುವುದು ಎದೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ವೈದ್ಯರು ಆರಂಭಿಸಿದ ಕಾಂಗರೂ ಆರೈಕೆಯಲ್ಲಿ ಕೂಸನ್ನು ಬರಿಮೈಯಲ್ಲಿ ಅಮ್ಮನ ಎದೆಗೆ ಕಟ್ಟುತ್ತಾರೆ. 2021ರಲ್ಲಿ ಪ್ರಕಟವಾದ, ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಹೀಗೆ ಎದೆಗಪ್ಪಿದ ಪುಟ್ಟ ಕೂಸುಗಳಲ್ಲಿ ಮೊದಲ 28 ದಿನಗಳ ಸಾವು ಶೇ 15.7ರ ಬದಲು ಶೇ 12ಕ್ಕೆ ಇಳಿದಿತ್ತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜತೆಗೂಡಿ ಈ ಆರೈಕೆಯನ್ನು ವಿಸ್ತರಿಸಿದೆ.

ಇನ್ನೊಂದು ಕಹಿ ಮಾತೂ ಇದೆ. 2023ರ ಜುಲೈನಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಸೂತಕವೆಂದು ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇರಿಸಿದ್ದರು. ಮಳೆಚಳಿಗೆ ಸಿಕ್ಕ ಕೂಸು ಉಳಿಯಲಿಲ್ಲ. ಮುಟ್ಟಲೇ ಹಿಂಜರಿಯುವ ಕಡೆ ಯಾವ ಯಂತ್ರ ಕೂಗಿ ಏನು ಫಲ? ತಾಯಿ ದಣಿದಾಗ ಅಪ್ಪನೂ ಅಜ್ಜಿಯೂ ಎದೆ ಕೊಡಬಹುದು ಎಂಬುದನ್ನು ಹೊನ್ನಾಳಿ, ನ್ಯಾಮತಿಯ ಮನೆಗಳಿಗೂ ಹೇಳಿಕೊಡುವುದು ಪಟ್ಟಿ ಹಂಚುವುದಕ್ಕಿಂತ ಮೊದಲಿನ ಕೆಲಸ.

ಪಟ್ಟಿ ಇಲ್ಲದವರು ಅಂಗೈಯ ಹಿಂಬದಿಯಿಂದ ಕೂಸಿನ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ ನೋಡಬೇಕು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕುಂಚಿಗೆ ಕಟ್ಟಿ ಕೂಡಲೇ ಎದೆಗೆ ಹಾಕಿಕೊಂಡು ಹಾಲು ಕುಡಿಸಿ. ಹೊಟ್ಟೆಯೂ ತಣ್ಣಗಿದ್ದರೆ 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಕೂಸು ಎದೆಯ ಮೇಲೇ ಇರಲಿ.