ನಿಮಗಿದು ಗೊತ್ತೆ? ಮುಟ್ಟದ ಸಿತಾರೂ ಗುನುಗುತ್ತದೆ!

ಧಾರವಾಡ ಅಂದರೆ ಪೇಢೆ, ಮಳೆ, ಗಾಯಕರು ಎನ್ನುವವರು ಸಿತಾರನ್ನು ಮರೆತೇಬಿಡುತ್ತಾರೆ. ಬೀನ್‌ಕಾರ (ರುದ್ರವೀಣೆ ವಾದಕ) ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನ್ ಈ ಊರಲ್ಲಿ ನೆಲೆಸಿದ ಮೇಲೆ ಸಿತಾರ್ ಅವರ ಮನೆಮಾತೇ ಆಯಿತು. ಮಗ ಅಬ್ದುಲ್ ಕರೀಂ ಖಾನ್ (ಇದೇ ಹೆಸರಿನ ಕಿರಾಣಾ ಘರಾಣೆಯ ಗಾಯಕರು ಬೇರೆ), ಮೊಮ್ಮಗ ಬಾಲೇ ಖಾನ್ (1942–2007), ಅವರ ತಮ್ಮಂದಿರು, ಮುಂದಿನ ತಲೆಮಾರು, ಎಲ್ಲರ ಕೈಯಲ್ಲೂ ಅದೇ ವಾದ್ಯ.

ಇಂಥ ಮನೆಪಾಠದಲ್ಲಿ ಪುಸ್ತಕಕ್ಕಿಂತ ಎದುರಿಗೆ ಕೂತ ಜೊತೆಗಾರನೇ ದೊಡ್ಡವನು. ಗುರು ಒಂದು ತುಣುಕು ನುಡಿಸಬೇಕು, ಶಿಷ್ಯ ಅದನ್ನೇ ಮರಳಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ.

ಹೀಗೆ ಎರಡು ಸಿತಾರು ಎದುರುಬದುರಾದಾಗಿನ ಸೋಜಿಗ ಇರುವುದು ಅವುಗಳ ಪರದೆಗಳ, ಅಂದರೆ ಮೆಟ್ಟಿಲುಗಳ, ಕೆಳಗೆ. ಅಲ್ಲಿರುವ ಹತ್ತು-ಹನ್ನೆರಡು ಸಣ್ಣ ತಂತಿಗಳಿಗೆ ತರಬ್ ಎನ್ನುತ್ತಾರೆ. ಎರಡು ಸಿತಾರುಗಳನ್ನು ಒಂದೇ ಶ್ರುತಿಗೆ ಕೂಡಿಸಿ ಒಂದನ್ನು ಮೀಟಿದರೆ, ಯಾರೂ ಮುಟ್ಟದ ಇನ್ನೊಂದರ ತರಬ್ ಕೂಡ ಸಣ್ಣಗೆ ಗುನುಗುತ್ತದೆ. ಸ್ವರ ತುಸು ಜಾರಿದರೆ ಆ ಗುನುಗು ಕುಂದುತ್ತದೆ. ಹೀಗೆ ಮುಟ್ಟದ ತಂತಿ ಗುನುಗುವುದಕ್ಕೆ ಅನುರಣನ ಎಂದು ಹೆಸರು.

ಗಿಟಾರಿನಲ್ಲಿ ತರಬ್ ಇಲ್ಲ, ಆದರೂ ಈ ಅನುರಣನದ ಆಟ ನಡೆಯುತ್ತದೆ. ಗೆಳೆಯನನ್ನು ಕರೆಯಿರಿ, ಎರಡೂ ಗಿಟಾರುಗಳ ಶ್ರುತಿ ಸರಿಮಾಡಿ, ಮೈಗೆ ಮೈ ತಾಗುವಂತೆ ಇಡಿ. ಒಂದರ ತಂತಿಯ ಮೇಲೆ ಮಡಿಸಿದ ಕಾಗದದ ಚೂರು ಕೂರಿಸಿ, ಇನ್ನೊಂದರ ಅದೇ ತಂತಿಯನ್ನು ಜೋರಾಗಿ ಮೀಟಿ. ಶ್ರುತಿ ಕೂಡಿದ್ದರೆ ಕಾಗದ ನಡುಗುತ್ತದೆ. ಅಲುಗದಿದ್ದರೆ ಮೊದಲು ಬಿರಡೆ ತಿರುವಿ, ಪಾಠ ಆಮೇಲೆ.