ಗ್ರೀಕರ ಬೆಳ್ಳಿ, ಗೋದಾವರಿಯ ಅಚ್ಚು



ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ಹೆದ್ದಾರಿಯಲ್ಲಿ ಬಿಡಕಿನ್ ಎಂಬ ಊರು ಸಿಗುತ್ತದೆ. 2023ರಲ್ಲಿ ಹೆಸರು ಬದಲಾಗುವವರೆಗೂ ಈ ನಗರ ನಿಮ್ಮ ತಂದೆತಾಯಿಯರ ಬಾಯಲ್ಲಿ ಔರಂಗಾಬಾದ್ ಆಗಿತ್ತು. ದೆಹಲಿ–ಮುಂಬಯಿ ಕೈಗಾರಿಕಾ ಕಾರಿಡಾರಿನ ಭಾಗವಾಗಿ ಬಿಡಕಿನ್ ಸುತ್ತ ಈಗ ದೊಡ್ಡ ಕೈಗಾರಿಕಾ ಪ್ರದೇಶ ಎದ್ದಿದೆ. ಕೆಲಸ ಹುಡುಕಿಕೊಂಡು ನಾಲ್ಕೂ ದಿಕ್ಕಿನಿಂದ ಜನ ಇಲ್ಲಿಗೆ ಬರುತ್ತಾರೆ, ನಮ್ಮವರೂ ಬರುತ್ತಾರೆ. "ನಾವು ಇಲ್ಲಿ ಹೊರಗಿನವರೇ, ಒಳಗಿನವರೇ?" ಎಂಬ ಪ್ರಶ್ನೆ ನಿಮ್ಮಲ್ಲಿ ಅನೇಕರನ್ನು ಒಂದಲ್ಲ ಒಂದು ದಿನ ಕಾಡಿರಬೇಕು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮತ್ತೊಂದು.

ಈ ಪ್ರಶ್ನೆಗೆ ಇಲ್ಲಿನ ಮಣ್ಣಿನಲ್ಲೇ ಒಂದು ಹಳೆಯ ಉತ್ತರವಿದೆ. ಅದು ಎರಡು ಗ್ರಾಂ ತೂಕದ, ಉಗುರಿನಗಲದ ಬೆಳ್ಳಿ ನಾಣ್ಯ. ಅದರ ಕಥೆ ಆರಂಭವಾಗುವುದು ಮಾತ್ರ ಬಹುದೂರದ ಗ್ರೀಸಿನಲ್ಲಿ.

ಗೂಬೆಯಿಂದ ಆನೆಯವರೆಗೆ

ಪ್ರಾಚೀನ ಗ್ರೀಕರ ಬೆಳ್ಳಿ ನಾಣ್ಯಕ್ಕೆ ಡ್ರಾಕ್ಮಾ ಎಂದು ಹೆಸರು. ಆ ಮಾತಿನ ಮೂಲ ಅರ್ಥ "ಒಂದು ಹಿಡಿ". ಒಂದು ಕಾಲಕ್ಕೆ ಕಬ್ಬಿಣದ ಸಲಾಕೆಗಳೇ ಹಣವಾಗಿದ್ದವಂತೆ, ಆರು ಸಲಾಕೆಗಳ ಒಂದು ಹಿಡಿಗೆ ಒಂದು ಡ್ರಾಕ್ಮಾ. ಅಥೆನ್ಸ್ ನಗರದ ನಾಲ್ಕು ಡ್ರಾಕ್ಮಾದ ನಾಣ್ಯ ಎಲ್ಲಕ್ಕಿಂತ ಹೆಸರಾದದ್ದು. ತೂಕ ಸುಮಾರು 17 ಗ್ರಾಂ. ಒಂದು ಮಗ್ಗುಲಲ್ಲಿ ಅಥೇನಾ ದೇವಿಯ ಮುಖ, ಇನ್ನೊಂದರಲ್ಲಿ ಅವಳ ಗೂಬೆ. ಲಾರಿಯನ್ ಗಣಿಗಳಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕಾಗ ಅದನ್ನು ಜನರಿಗೆ ಹಂಚಿಬಿಡೋಣ ಎಂಬ ಮಾತು ಬಂತು. ಥೆಮಿಸ್ಟೋಕ್ಲಿಸ್ ಎಂಬ ಮುಖಂಡ ಅದನ್ನು ತಡೆದು, ಆ ಬೆಳ್ಳಿಯಿಂದ ಯುದ್ಧ ಹಡಗುಗಳನ್ನು ಕಟ್ಟಿಸಿದ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಬಳಿ ಪರ್ಷಿಯದ ನೌಕಾಪಡೆಯನ್ನು ಸೋಲಿಸಿದ್ದು ಈ ಹಡಗುಗಳ ಬಲದಿಂದ.

ಮುಂದೆ ಅಲೆಕ್ಸಾಂಡರ್ ಬಂದ. ಕ್ರಿ.ಪೂ. 326ರಲ್ಲಿ ಅವನು ಸಿಂಧೂ ನದಿ ದಾಟಿ, ಝೇಲಮ್ ದಂಡೆಯಲ್ಲಿ ಪುರೂರವನೊಡನೆ ಕಾದಾಡಿದ್ದನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಅವನು ಹಿಂದಿರುಗಿದರೂ ಅವನ ಹಿಂದೆ ಬಂದ ಗ್ರೀಕರಲ್ಲಿ ಹಲವರು ಇಂದಿನ ಅಫ್ಘಾನಿಸ್ತಾನದ ಉತ್ತರದ ಬ್ಯಾಕ್ಟ್ರಿಯದಲ್ಲಿ ನೆಲೆಸಿದರು. ನಮ್ಮವರು ಅವರನ್ನು ಯವನರು ಎಂದು ಕರೆದರು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಈ ಯವನರು ಹಿಂದೂಕುಶ್ ದಾಟಿ ಇತ್ತ ಬಂದಾಗ ಅವರ ನಾಣ್ಯ ಬದಲಾಯಿತು. ಗ್ರೀಕರ ತೂಕ ಬಿಟ್ಟು ಇಲ್ಲಿನ ತೂಕ ಹಿಡಿದರು. ಒಂದು ಮಗ್ಗುಲಲ್ಲಿ ಗ್ರೀಕ್ ಅಕ್ಷರ, ಇನ್ನೊಂದರಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತ. ಅಪೊಲೊಡೋಟಸ್ ಎಂಬ ದೊರೆಯ ನಾಣ್ಯದಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಡುಬ್ಬದ ಗೂಳಿ. ಅಗಾಥೊಕ್ಲಿಸ್ ಎಂಬ ದೊರೆಯಂತೂ ನಾಣ್ಯದ ಮೇಲೆ ಬಲರಾಮ, ವಾಸುದೇವರನ್ನೇ ಟಂಕಿಸಿದ. ಅಂಥ ಆರು ಬೆಳ್ಳಿ ನಾಣ್ಯಗಳು 1970ರಲ್ಲಿ ಅಫ್ಘಾನಿಸ್ತಾನದ ಐ ಖಾನೂಮ್ ಎಂಬಲ್ಲಿ ಉತ್ಖನನದಲ್ಲಿ ದೊರೆತವು. ಮಿನಾಂಡರ್ ಎಂಬ ಯವನ ದೊರೆ ಬೌದ್ಧ ಗ್ರಂಥದಲ್ಲಿ ಮಿಲಿಂದನಾದ.

ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಬಲ್ಲ ಒಬ್ಬ ನಾವಿಕ ವ್ಯಾಪಾರಿ ಕೆಂಪು ಸಮುದ್ರದಿಂದ ಭಾರತದವರೆಗಿನ ಬಂದರುಗಳ ಕೈಪಿಡಿಯೊಂದನ್ನು ಬರೆದ. ಅಪೊಲೊಡೋಟಸ್ ಮತ್ತು ಮಿನಾಂಡರ್ ಹೆಸರಿನ ಹಳೆಯ ಡ್ರಾಕ್ಮಾಗಳು ಇನ್ನೂ ಭರೂಚಿನಲ್ಲಿ ಚಲಾವಣೆಯಲ್ಲಿವೆ ಎಂದು ಅವನು ಹೇಳುತ್ತಾನೆ. ಆ ದೊರೆಗಳು ಸತ್ತು ಆಗಲೇ ಎರಡು ಶತಮಾನ ಕಳೆದಿತ್ತು! ಭರೂಚಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನದ ಹಾದಿಯಲ್ಲಿ ಪೈಠಾನ ಎಂಬ ದೊಡ್ಡ ಪೇಟೆಯಿದೆ, ಅಲ್ಲಿಂದ ಗಾಡಿಗಳಲ್ಲಿ ಗೋಮೇಧಿಕದ ಜಾತಿಯ ಕಲ್ಲು ಬಂದರಿಗೆ ಇಳಿಯುತ್ತದೆ ಎಂದೂ ಬರೆದಿದ್ದಾನೆ. ಆ ಪೈಠಾನವೇ ಶಾತವಾಹನರ ಪ್ರತಿಷ್ಠಾನ, ಬಿಡಕಿನ್‌ನಿಂದ ಮುಂದೆ ಅದೇ ಹೆದ್ದಾರಿಯಲ್ಲಿ ನೀವು ತಲುಪುವ ಪೈಠಣ.

ಹೊಲದಲ್ಲಿ ಸಿಕ್ಕ ಹದಿಮೂರು ಸಾವಿರ

ಈಗ ನಾಸಿಕಕ್ಕೆ ಬನ್ನಿ. 1906ರಲ್ಲಿ ನಾಸಿಕ್ ಜಿಲ್ಲೆಯ ಜೋಗಳಟೆಂಭಿ ಎಂಬ ಹಳ್ಳಿಯಲ್ಲಿ ಒಂದು ನಿಧಿ ಸಿಕ್ಕಿತು. ಅದರಲ್ಲಿ ಸುಮಾರು 13,250 ಬೆಳ್ಳಿ ನಾಣ್ಯಗಳಿದ್ದವು. ಎಲ್ಲವೂ ನಹಪಾನ ಎಂಬ ಕ್ಷಹರಾತ ವಂಶದ ಕ್ಷತ್ರಪನವು. ನಹಪಾನ ಶಕರವನು, ಹೊರಗಿನಿಂದ ಬಂದವರ ಪೀಳಿಗೆಯವನು. ಭರೂಚ್, ನಾಸಿಕ್, ಕಾರ್ಲೆ ಎಲ್ಲ ಅವನ ಕೈಯಲ್ಲಿದ್ದವು.

ಅವನ ನಾಣ್ಯವನ್ನು ಗಮನವಿಟ್ಟು ನೋಡಬೇಕು. ಒಂದು ಮಗ್ಗುಲಲ್ಲಿ ದೊರೆಯ ಮುಖ, ಸುತ್ತ ಗ್ರೀಕ್ ಅಕ್ಷರಗಳು. ಇನ್ನೊಂದು ಮಗ್ಗುಲಲ್ಲಿ ಬಾಣ ಮತ್ತು ವಜ್ರಾಯುಧ, ಜೊತೆಗೆ ಬ್ರಾಹ್ಮಿ ಮತ್ತು ಖರೋಷ್ಠಿ ಲಿಪಿಗಳು. ಉಗುರಿನಗಲದಲ್ಲಿ ಮೂರು ಲಿಪಿ! ಆದರೆ ಸೋಜಿಗ ಬೇರೆಯೇ ಇದೆ. ಅಕ್ಷರ ಗ್ರೀಕಿನದಾದರೂ ಭಾಷೆ ಗ್ರೀಕ್ ಅಲ್ಲ. "ರಾಜ ಕ್ಷಹರಾತ ನಹಪಾನನ" ಎಂಬ ಪ್ರಾಕೃತದ ಮಾತನ್ನೇ ಗ್ರೀಕ್ ಅಕ್ಷರದಲ್ಲಿ ಕೊರೆದಿದ್ದಾರೆ. ನೀವು ಮೊಬೈಲಿನಲ್ಲಿ "ಊಟ ಆಯ್ತಾ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಅಮ್ಮನಿಗೆ ಬರೆಯುವುದಿಲ್ಲವೇ, ಹಾಗೆ.

ಈ ನಹಪಾನನನ್ನು ಗೌತಮೀಪುತ್ರ ಶಾತಕರ್ಣಿ ಸೋಲಿಸಿದ. ಕ್ಷಹರಾತ ವಂಶವನ್ನು ನಿಶ್ಶೇಷ ಮಾಡಿದವನು ಎಂದು ಅವನ ತಾಯಿ ಗೌತಮಿ ಬಲಶ್ರೀ ನಾಸಿಕದ ಗುಹೆಯ ಶಾಸನದಲ್ಲಿ ಹೆಮ್ಮೆಯಿಂದ ಬರೆಯಿಸಿದ್ದಾಳೆ. ಅಂಥ ವೈರಿಯ ಹಣವನ್ನು ಗೆದ್ದವನು ಏನು ಮಾಡಬೇಕಿತ್ತು? ಕುಲುಮೆಗೆ ಹಾಕಿ ಕರಗಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ನಾಣ್ಯದ ಮೇಲೆಯೇ ತನ್ನ ಅಚ್ಚು ಹಾಕಿಸಿದ. ಒಂದು ಮಗ್ಗುಲಿಗೆ ಮೂರು ಕಮಾನಿನ ಬೆಟ್ಟ ಮತ್ತು ತನ್ನ ಹೆಸರು, ಇನ್ನೊಂದಕ್ಕೆ ಉಜ್ಜಯಿನಿ ಚಿಹ್ನೆ. ಜೋಗಳಟೆಂಭಿಯ ನಿಧಿಯಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳಿಗೆ ಈ ಮರು ಅಚ್ಚು ಬಿದ್ದಿದೆ. ಬೆಟ್ಟದ ಅಡಿಯಿಂದ ನಹಪಾನನ ಮೂಗು, ತುಟಿ ಇನ್ನೂ ಇಣುಕುತ್ತವೆ.

ರಾಜಕಾರಣ ಬದಲಾದರೂ ಪೇಟೆ ನಿಲ್ಲಬಾರದು ಎಂಬ ಲೆಕ್ಕ ಇದರ ಹಿಂದಿದೆ. ಜನ ಈ ಬೆಳ್ಳಿಯನ್ನು ನಂಬಿದ್ದರು. ನಾಸಿಕದ ಪಾಂಡವಲೇಣಿಯ ಇನ್ನೊಂದು ಶಾಸನ ಇದನ್ನು ಸ್ಪಷ್ಟಪಡಿಸುತ್ತದೆ. ನಹಪಾನನ ಅಳಿಯ ಉಷವದಾತ 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಶಾಶ್ವತ ಠೇವಣಿಯಾಗಿಟ್ಟ. ಅದರಲ್ಲಿ 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 240. ಗುಹೆಯಲ್ಲಿದ್ದ 20 ಭಿಕ್ಷುಗಳಿಗೆ ತಲೆಗೆ 12ರಂತೆ ಬಟ್ಟೆಯ ಖರ್ಚು. ಎರಡು ಸಾವಿರ ವರ್ಷದ ಹಿಂದಿನ ಲೆಕ್ಕ, ಒಂದು ಕಾಸೂ ತಪ್ಪಿಲ್ಲ. ನಮ್ಮ ಸಂಘಗಳ ಖಜಾಂಚಿಗಳು ಗಮನಿಸಲಿ!

ಇದರಲ್ಲಿ ಕನ್ನಡಕ್ಕೇನು?

ಈ ಪ್ರಶ್ನೆ ನೀವು ಕೇಳಿಯೇ ಕೇಳುತ್ತೀರಿ. ಒಂದೊಂದಾಗಿ ನೋಡೋಣ.

ಗೌತಮೀಪುತ್ರ ತನ್ನ ಹದಿನೆಂಟನೆಯ ಆಳ್ವಿಕೆಯ ವರ್ಷದಲ್ಲಿ ನಾಸಿಕದ ಭಿಕ್ಷುಗಳಿಗೆ ಹೊಲವೊಂದನ್ನು ಕೊಟ್ಟ. ಅದು ಮೊದಲು ಉಷವದಾತನ ಕೈಯಲ್ಲಿದ್ದ ಹೊಲ. ಆ ಆಜ್ಞೆ ಹೊರಟ ಸೇನಾ ಬೀಡಿನ ವಿಷಯದಲ್ಲಿ "ವೇಜಯಂತಿ" ಎಂಬ ಮಾತಿದೆ. ಅದು ನಮ್ಮ ಬನವಾಸಿ, ಅಂದರೆ ವೈಜಯಂತಿ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ವಿಜಯಶಾಲಿ ಸೇನೆ ಎಂದಷ್ಟೇ ಅರ್ಥ ಎಂದು ಇನ್ನು ಕೆಲವರು. ಬನವಾಸಿಯೂ ಚಿತ್ರದುರ್ಗದ ಚಂದ್ರವಳ್ಳಿಯೂ ಶಾತವಾಹನರ ನಾಡಿಗೆ ಸೇರಿದ್ದರಲ್ಲಿ ಮಾತ್ರ ಸಂಶಯವಿಲ್ಲ. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ಮುಂದೆ ಶಾತವಾಹನರೇ ಕ್ಷತ್ರಪರಂತೆ ಮುಖಚಿತ್ರದ ಬೆಳ್ಳಿ ನಾಣ್ಯ ಟಂಕಿಸಿದರು. ಅದರ ಒಂದು ಮಗ್ಗುಲಲ್ಲಿ ಪ್ರಾಕೃತ, ಇನ್ನೊಂದರಲ್ಲಿ ದ್ರಾವಿಡ ಭಾಷೆ! ತಮಿಳೋ ತೆಲುಗೋ ಎಂಬ ಚರ್ಚೆ ನಡೆದಿದೆ. ಅದೇನೇ ಇರಲಿ, ಅದರಲ್ಲಿರುವ "ಮಕ" ಎಂಬ ಮಾತು ನಮ್ಮ ಮನೆಯ "ಮಗ"ನೇ.

ಡ್ರಾಕ್ಮಾ ಎಂಬ ಹೆಸರೂ ಸಾಯಲಿಲ್ಲ. ಅದು ದ್ರಮ್ಮವಾಗಿ ಕನ್ನಡ ನಾಡಿನ ಶಾಸನಗಳಲ್ಲಿ ಗದ್ಯಾಣ, ಪಣಗಳ ಜೊತೆ ಕೂತಿತು. ಹಿಂದಿ, ಮರಾಠಿಗಳಲ್ಲಿ ದಾಮ್ ಆಯಿತು, ಅದರಿಂದ ದಮಡಿ ಹುಟ್ಟಿತು. "ಕೈಯಲ್ಲಿ ಒಂದು ದಮ್ಮಡಿಯೂ ಇಲ್ಲ" ಎಂದು ಅಜ್ಜ ಗೊಣಗಿದಾಗ ಅವರ ಬಾಯಲ್ಲಿ ಅಥೆನ್ಸಿನ ಮಾತೇ ಸವೆದು ಸವೆದು ಬಂದಿರುತ್ತದೆ.

ಇನ್ನು ನೆಲದ ಮಾತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಗಳನ್ನು ಹೇಳುವಾಗ ದಕ್ಷಿಣಕ್ಕೆ ಕಾವೇರಿಯನ್ನೂ ಉತ್ತರಕ್ಕೆ ಗೋದಾವರಿಯನ್ನೂ ಹೆಸರಿಸುತ್ತದೆ. ಪೈಠಣ ಇರುವುದು ಆ ಗೋದಾವರಿಯ ದಂಡೆಯಲ್ಲೇ. ಅದರಾಚೆ ಎಲ್ಲೋರದಲ್ಲಿ ಕೈಲಾಸ ದೇಗುಲವನ್ನು ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಹಾಗೆಂದು "ಇದು ನಮ್ಮದು, ಅವರದಲ್ಲ" ಎಂದು ಜಗಳಕ್ಕೆ ಹೊರಡಬೇಡಿ. ಒಂದೇ ಬೆಳ್ಳಿಯ ಮೇಲೆ ಎರಡು ಅಚ್ಚು ಬಿದ್ದಂತೆ, ಒಂದೇ ನೆಲದ ಮೇಲೆ ಹಲವರ ಗುರುತು ಬಿದ್ದಿದೆ ಎಂದು ತಿಳಿದರೆ ಸಾಕು.

ಯುಗಾದಿಯ ಪಂಚಾಂಗದಲ್ಲಿ "ಶಾಲಿವಾಹನ ಶಕೆ" ಎಂದು ಓದುತ್ತಾರಲ್ಲ, ಅದನ್ನೇ ಗಮನಿಸಿ. ಕ್ರಿ.ಶ. 78ರಿಂದ ಎಣಿಸುವ ಈ ಶಕೆಯನ್ನು ನಾಣ್ಯಗಳ ಮೇಲೆ ವರ್ಷ ಹಾಕಲು ಬಳಸಿದವರು ಶಕ ಕ್ಷತ್ರಪರು. ಅದಕ್ಕೆ ಪೈಠಣದ ಶಾಲಿವಾಹನನ ಹೆಸರು ಸೇರಿದ್ದು ಬಹಳ ಕಾಲದ ಮೇಲೆ. ಗೆದ್ದವರ ಹೆಸರು, ಸೋತವರ ಹೆಸರು ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ.

ಅಲಂಕಾರವಾದ ಅಕ್ಷರ

ಮಿತ್ರರೆ, ಈ ನಾಣ್ಯದ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ನಹಪಾನನ ನಂತರದ ಕ್ಷತ್ರಪರು ಸುಮಾರು ಕ್ರಿ.ಶ. 400ರವರೆಗೂ ಇದೇ ಮಾದರಿಯ ಬೆಳ್ಳಿ ನಾಣ್ಯ ಹೊರಡಿಸಿದರು. ದೊರೆಯ ತಲೆಯ ಸುತ್ತ ಗ್ರೀಕ್ ಅಕ್ಷರಗಳು ಮುಂದುವರಿದವು. ಆದರೆ ಓದುವವರು ಇಲ್ಲವಾದರು. ಅಚ್ಚು ಕೊರೆಯುವವನು ಹಿಂದಿನ ನಾಣ್ಯ ನೋಡಿ ಗೀರುತ್ತಾ ಹೋದ. ಅಕ್ಷರ ಮೊದಲು ತಪ್ಪಾಯಿತು, ಆಮೇಲೆ ಬರೀ ಗೀಟು, ಸೊನ್ನೆಗಳಾಯಿತು, ಕೊನೆಗೆ ಅಂಚಿನ ಅಲಂಕಾರವಾಯಿತು. ಖರೋಷ್ಠಿಯಂತೂ ಬೇಗನೆ ಕಾಣೆಯಾಯಿತು. ಉಳಿದದ್ದು ಬ್ರಾಹ್ಮಿ ಒಂದೇ. ಪೇಟೆಯಲ್ಲಿ, ಗುಹೆಯಲ್ಲಿ, ದಾನಪತ್ರದಲ್ಲಿ ಜನ ಅದನ್ನು ದಿನವೂ ಬರೆಯುತ್ತಿದ್ದರು, ಓದುತ್ತಿದ್ದರು. ಅದಕ್ಕೇ ಉಳಿಯಿತು. ಆ ಬ್ರಾಹ್ಮಿಯೇ ಬೆಳೆದು ನಮ್ಮ ಕನ್ನಡ ಲಿಪಿಯಾಯಿತು. ಬ್ರಾಹ್ಮಿಯ "ಗ" ಮನೆಯ ಮಾಡಿನ ಹಾಗೆ, "ಠ" ಒಂದು ಸೊನ್ನೆಯ ಹಾಗೆ. ಇಂದಿನ ನಮ್ಮ ಗ, ಠ ಎರಡನ್ನೂ ಬರೆದು ಹೋಲಿಸಿ ನೋಡಿ.

ನಿಮ್ಮಲ್ಲಿ ಬಹಳ ಮಂದಿ ಕನ್ನಡ ಚೆನ್ನಾಗಿ ಮಾತಾಡುತ್ತೀರಿ. ಓದಲು ಬರುವವರು ಎಷ್ಟು ಮಂದಿ? ಮದುವೆಯ ಕರೆಯೋಲೆಯ ಮೇಲೆ, ರಾಜ್ಯೋತ್ಸವದ ಬ್ಯಾನರಿನ ಮೇಲೆ, ಟೀ ಶರ್ಟಿನ ಮೇಲೆ ಕನ್ನಡ ಅಕ್ಷರ ಚೆಂದವಾಗಿ ಕಾಣುತ್ತದೆ. ಓದುವ ಕಣ್ಣಿಲ್ಲದಿದ್ದರೆ ಅದೂ ಕ್ಷತ್ರಪರ ನಾಣ್ಯದ ಅಂಚಿನ ಗೀಟಿನಂತೆಯೇ. ಯಾರೂ ಅದನ್ನು ಅಳಿಸಬೇಕಾಗಿಲ್ಲ, ಒಂದೆರಡು ಪೀಳಿಗೆಯಲ್ಲಿ ತಾನಾಗಿ ಅಲಂಕಾರವಾಗಿಬಿಡುತ್ತದೆ.

ಇದಕ್ಕೆ ಬೇರೆ ನೆಲದ ಭಾಷೆಯನ್ನು ದೂರ ಇಡಬೇಕಾಗಿಲ್ಲ. ಪಾಂಡವಲೇಣಿಯ ಹದಿನೇಳನೆಯ ಗುಹೆಯನ್ನು ಕೊರೆಸಿದವನು ಉತ್ತರದ ದತ್ತಾಮಿತ್ರಿಯಿಂದ ಬಂದ ಒಬ್ಬ ಯವನ. ಅವನ ಹೆಸರು ಇಂದ್ರಾಗ್ನಿದತ್ತ, ತಂದೆ ಧರ್ಮದೇವ, ಮಗ ಧರ್ಮರಕ್ಷಿತ. ಶಾಸನ ಇರುವುದು ಇಲ್ಲಿನ ಭಾಷೆಯಲ್ಲಿ, ಇಲ್ಲಿನ ಲಿಪಿಯಲ್ಲಿ. ಆದರೂ ತಾನು "ಯೋನಕ" ಎಂದು ಬರೆಯಿಸಲು ಅವನು ಮರೆಯಲಿಲ್ಲ. ನೀವೂ ಮರಾಠಿ ಚೆನ್ನಾಗಿ ಕಲಿಯಿರಿ, ಜೊತೆಗೆ ಕನ್ನಡದ ಅಕ್ಷರವನ್ನೂ ಕೈಬಿಡಬೇಡಿ.

ಮುಂದಿನ ರಜೆಯಲ್ಲಿ ನಾಲ್ಕು ಜನ ಸೇರಿ ಪಾಂಡವಲೇಣಿಗೂ ಪೈಠಣಕ್ಕೂ ಹೋಗಿ ಬನ್ನಿ. ಒಂದು ವಿಷಯ ನೆನಪಿಡಿ: ಅಡಿಪಾಯ ತೋಡುವಾಗಲೋ ಹೊಲ ಉಳುವಾಗಲೋ ಹಳೆಯ ನಾಣ್ಯಗಳು ಸಿಕ್ಕರೆ ಅಕ್ಕಸಾಲಿಗನ ಬಳಿಗೆ ಒಯ್ಯಬಾರದು. ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ಕರಗಿಸಿದರೆ ಕೈಗೆ ಬರುವುದು ಎರಡು ಗ್ರಾಂ ಬೆಳ್ಳಿಯ ಬೆಲೆ ಮಾತ್ರ. ಜೋಗಳಟೆಂಭಿಯ ನಿಧಿಯೂ ಹಾಗೆ ಕುಲುಮೆಗೆ ಹೋಗಿದ್ದರೆ ಈ ಕಥೆಯನ್ನು ನಿಮಗೆ ಹೇಳಲು ಸಾಧ್ಯವಿರುತ್ತಿರಲಿಲ್ಲ.

ಮನೆಯಲ್ಲಿ ಒಬ್ಬ ತಮ್ಮನೋ ತಂಗಿಯೋ ಇದ್ದರೆ ಈ ಲೇಖನವನ್ನು ಗಟ್ಟಿಯಾಗಿ ಓದಿ ಹೇಳಿ. ನಿಮಗೇ ಓದಲು ಕಷ್ಟವಾದರೆ ಅಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ದಿನಕ್ಕೆ ಎರಡು ಅಕ್ಷರ ಕಲಿತರೂ ಮುಂದಿನ ಯುಗಾದಿಯ ಹೊತ್ತಿಗೆ ಪಂಚಾಂಗವನ್ನು ನೀವೇ ಓದಬಹುದು.